ಬಿತ್ತನೆಯ ಕಾಲದಲ್ಲಿ ಬೀಳುವ ಹಿಮ



ಮುಂಗಾರು ತಡವಾದರೆ ನಮ್ಮ ಪಾಡು ಏನಾಗುತ್ತದೆಂಬುದನ್ನು ನಿಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಬೀಜ ಮನೆಯಲ್ಲಿದೆ, ಗೊಬ್ಬರ ಹೊಲದಲ್ಲಿದೆ, ಎತ್ತು ಕೊಟ್ಟಿಗೆಯಲ್ಲಿದೆ. ಮಳೆ ಮಾತ್ರ ಇಲ್ಲ. ನಮ್ಮ ದೇಶದಲ್ಲಿಯೇ ಇದಕ್ಕೆ ತಿರುವುಮುರುವಾದ ಕಷ್ಟ ಪಡುವ ರೈತರೂ ಇದ್ದಾರೆ. ಬಿತ್ತನೆಯ ಹೊತ್ತಿಗೆ ಅವರ ಹೊಲದ ಮೇಲೆ ನೀರು ಬಂದು ಬಿದ್ದಿರುತ್ತದೆ. ಆದರೆ ಹರಿಯುವ ನೀರಾಗಿ ಅಲ್ಲ, ಬೆಳ್ಳಗೆ ಹೆಪ್ಪುಗಟ್ಟಿ ಮೊಣಕಾಲುದ್ದ ಬಿದ್ದಿರುತ್ತದೆ. ಅದು ಕರಗುವತನಕ ನೇಗಿಲು ಹೂಡುವಂತಿಲ್ಲ. ಆ ರೈತರು ತಲೆತಲಾಂತರದಿಂದ ಇದರೊಡನೆ ಹೇಗೆ ಬಾಳಿಕೊಂಡು ಬಂದರು ಎಂಬುದೇ ಈ ದಿನದ ವಿಷಯ.

ಹಿಮ ಎಂದರೆ ನಮ್ಮ ಮಾಗಿಯ ಮಂಜು ಅಲ್ಲ, ಆಲಿಕಲ್ಲೂ ಅಲ್ಲ. ಮೋಡದಲ್ಲಿರುವ ನೀರು ಕಡು ಚಳಿಗೆ ಸಣ್ಣ ಸಣ್ಣ ಹರಳಾಗಿ, ಬಿಡಿಸಿದ ಹತ್ತಿಯಂತೆ ಸದ್ದಿಲ್ಲದೆ ಉದುರುತ್ತದೆ. ಆಗ ತಾನೇ ಬಿದ್ದ ಹಿಮ ಬಹಳ ಹಗುರ. ಹತ್ತು ಅಂಗುಲ ಬಿದ್ದರೆ ಅದರಲ್ಲಿ ನೀರು ಸುಮಾರಾಗಿ ಒಂದೇ ಅಂಗುಲ. ಚಳಿಗಾಲ ಕಳೆದ ಮೇಲೆ ಬೀಳುವ ಹಿಮದ ರೀತಿ ಬೇರೆ. ಅದು ಒದ್ದೆ, ಭಾರ. ಮರದ ಮೇಲೆ ಕೂತರೆ ಕೊಂಬೆ ಮುರಿಯುತ್ತದೆ, ಮನೆಯ ಮೇಲೆ ಕೂತರೆ ತೊಲೆ ಬಾಗುತ್ತದೆ.

ಈ ಕತೆಗೆ ನಾನು ಆರಿಸಿಕೊಂಡಿರುವ ಸೀಮೆ ಲಾಹೌಲ್. ಇದು ಹಿಮಾಚಲ ಪ್ರದೇಶದ ಉತ್ತರ ಭಾಗದಲ್ಲಿದೆ. ಚಂದ್ರಾ, ಭಾಗಾ ಎಂಬ ಎರಡು ನದಿಗಳು ತಾಂಡಿ ಎಂಬಲ್ಲಿ ಕೂಡಿ ಚಂದ್ರಭಾಗಾ ಆಗುತ್ತವೆ; ಕೆಳಗೆ ಹೋದಂತೆ ಅದನ್ನೇ ಚೀನಾಬ್ ಎನ್ನುತ್ತಾರೆ. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 6,300 ಅಡಿ. ಲಾಹೌಲಿನ ಮುಖ್ಯ ಊರಾದ ಕೇಲಾಂಗ್ ಇರುವುದು 10,000 ಅಡಿಗೂ ಮೇಲೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಿಂದ ಇನ್ನೂ 3,700 ಅಡಿ ಹತ್ತಿದ ಮೇಲೆ ಅವರ ಹೊಲ ಗದ್ದೆ ಸಿಗುತ್ತದೆ ಅನ್ನಿ. ಇದರ ದಕ್ಷಿಣಕ್ಕೆ ಸುಮಾರು 13,000 ಅಡಿ ಎತ್ತರದಲ್ಲಿ ರೋಹ್ತಾಂಗ್ ಕಣಿವೆದಾರಿ ಇದೆ. ಬಹುಕಾಲ ಹೊರ ಜಗತ್ತಿಗೆ ಹೋಗಲು ಅದೇ ಅವರ ಹೆಬ್ಬಾಗಿಲಾಗಿತ್ತು. ಹಿಮ ಬಿದ್ದರೆ ಬಾಗಿಲು ಮುಚ್ಚಿತು. ವರ್ಷದಲ್ಲಿ ಐದಾರು ತಿಂಗಳು ಮುಚ್ಚಿಯೇ ಇರುತ್ತಿತ್ತು.

ಈಗ ಅವರ ಬೇಸಾಯದ ಲೆಕ್ಕ ನೋಡೋಣ. ನಾವು ಅಶ್ವಿನಿ, ಭರಣಿ ಮಳೆಗಳನ್ನು ಎದುರು ನೋಡುವ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಹೊಲದ ಹಿಮ ಕರಗಿ ಮಣ್ಣು ಕಾಣಿಸುತ್ತದೆ. ಆಗ ಉತ್ತು ಬಿತ್ತಬೇಕು. ಸೆಪ್ಟೆಂಬರ್ ಕಳೆಯುವುದರೊಳಗೆ ಕೊಯ್ದು ಮನೆ ತುಂಬಬೇಕು. ಆಮೇಲೆ ರಾತ್ರಿಯ ಕೊರೆತಕ್ಕೆ ಪೈರು ಕರಕಲಾಗುತ್ತದೆ. ಹನ್ನೆರಡು ತಿಂಗಳಲ್ಲಿ ಹೊಲ ರೈತನ ಕೈಗೆ ಸಿಗುವುದು ಐದು ತಿಂಗಳು, ಹೆಚ್ಚೆಂದರೆ ಆರು. ಜವೆಗೋಧಿಗೆ ಮೂರು ತಿಂಗಳಿಗೂ ಮೇಲೆ ಬೇಕು. ವಸಂತದಲ್ಲಿ ಹಿಮ ತಡವಾಗಿ ಬಿದ್ದು, ಇಪ್ಪತ್ತು ದಿವಸ ಹೆಚ್ಚಾಗಿ ಹೊಲದ ಮೇಲೆ ಕುಳಿತುಬಿಟ್ಟರೆ? ಆ ಇಪ್ಪತ್ತು ದಿವಸವನ್ನು ಕೊನೆಯಲ್ಲಿ ಕೂಡಿಸಿಕೊಳ್ಳುವಂತಿಲ್ಲ. ಕೊನೆಯಲ್ಲಿ ಚಳಿ ತನ್ನ ಹೊತ್ತಿಗೆ ತಾನು ಬಂದೇ ಬರುತ್ತದೆ. ಚಂದ್ರಭಾಗೆಯ ಪಕ್ಕದ ಪಟ್ಟನ್ ಕಣಿವೆಯ ತಗ್ಗಿನ ಊರುಗಳಲ್ಲಿ ಜವೆಗೋಧಿ ಕೊಯ್ದ ಹೊಲಕ್ಕೆ ಅದೇ ವರ್ಷ ಕುಟ್ಟು ಎಂಬ ಧಾನ್ಯ ಬಿತ್ತುವ ರೂಢಿ ಇತ್ತು. ಕುಟ್ಟು ಬೇಗ ಬರುವ ಬೆಳೆ, ಆದರೆ ಸ್ವಲ್ಪ ಹೆಪ್ಪು ಚಳಿಯನ್ನೂ ತಾಳದು. ಹಿಮ ತಡವಾದ ವರ್ಷ ಮೊದಲು ಪೆಟ್ಟು ಬೀಳುವುದು ಈ ಎರಡನೆಯ ಬೆಳೆಗೆ.

ಹಾಗಾದರೆ ಹಿಮ ಬೀಳದೇ ಇದ್ದರೆ ಚೆನ್ನಲ್ಲವೇ ಎಂದು ನೀವು ಕೇಳಬಹುದು. ಇಲ್ಲಿಯೇ ಇರುವುದು ಇಕ್ಕಟ್ಟು. ಲಾಹೌಲ್ ದೊಡ್ಡ ಬೆಟ್ಟಸಾಲಿನ ಮರೆಯಲ್ಲಿದೆ. ಮುಂಗಾರಿನ ಮೋಡ ಬೆಟ್ಟದ ಆಚೆ ಬದಿಯಲ್ಲಿಯೇ ಬರಿದಾಗಿ, ಇತ್ತ ಬರುವ ಮಳೆ ಬಹಳ ಕಡಿಮೆ. ನಮ್ಮ ಸಹ್ಯಾದ್ರಿಯ ಪಡುವಣ ಬದಿಯಲ್ಲಿ ಮಳೆ ಸುರಿದು, ಮೂಡಣ ಬಯಲುಸೀಮೆ ಒಣಗಿರುವುದಿಲ್ಲವೇ, ಹಾಗೆಯೇ. ಅಲ್ಲಿನ ಬೆಳೆಗೆ ನೀರು ಬರುವುದು ಚಳಿಗಾಲದಲ್ಲಿ ಪಡುವಣ ದಿಕ್ಕಿನಿಂದ ಬರುವ ಮೋಡಗಳು ಸುರಿಸಿದ ಹಿಮದಿಂದ. ಆ ಹಿಮ ಬೇಸಿಗೆಯಲ್ಲಿ ಕರಗಿ ಹಳ್ಳವಾಗುತ್ತದೆ. ಹಳ್ಳಕ್ಕೆ ಕಟ್ಟಿದ ಸಣ್ಣ ಕಾಲುವೆಗಳಿಂದ ಹೊಲಕ್ಕೆ ಬರುತ್ತದೆ. ಈ ಕಾಲುವೆಗಳಿಗೆ ಅಲ್ಲಿ ಕುಹ್ಲ್ ಎನ್ನುತ್ತಾರೆ. ಆದ್ದರಿಂದ ಹಿಮವೇ ಅವರ ಕೆರೆ, ಹಿಮವೇ ಅವರ ಮಳೆ. ಮೇಲೆ ಬೆಟ್ಟದಲ್ಲಿ ಅದು ಚೆನ್ನಾಗಿ ಬಿದ್ದು ನಿಲ್ಲಬೇಕು. ಕೆಳಗೆ ಹೊಲದಲ್ಲಿ ಹೊತ್ತಿಗೆ ಸರಿಯಾಗಿ ಬಿಟ್ಟು ಹೋಗಬೇಕು. ಲಾಹೌಲಿನ ರೈತನ ಜಾಣತನವೆಲ್ಲ ಈ ಎರಡರ ನಡುವೆ ದಾರಿ ಹುಡುಕುವುದರಲ್ಲಿ ಹುಟ್ಟಿದ್ದು.

ಮೊದಲನೆಯ ಉಪಾಯ ಬಹಳ ಹಳೆಯದು, ಬಹಳ ಸುಲಭವಾದದ್ದು. ಹೊಲದ ಹಿಮದ ಮೇಲೆ ಮಣ್ಣು ಎರಚುವುದು! ಲಾಹೌಲಿನಲ್ಲಿಯೂ, ಬೆಟ್ಟದಾಚೆಯ ಲಡಾಖಿನ ಜಂಸ್ಕಾರ್ ಸೀಮೆಯಲ್ಲಿಯೂ ಈ ಪದ್ಧತಿ ಇದೆ. ಹಿಮ ಬೀಳುವ ಮೊದಲೇ ಒಣ ಮಣ್ಣನ್ನು ತಂದು ಮನೆಯಲ್ಲಿ ಕೂಡಿಟ್ಟುಕೊಳ್ಳುತ್ತಾರೆ. ಚಳಿಗಾಲ ಮುಗಿಯುತ್ತ ಬಂದಾಗ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಒಯ್ದು ಹಿಮದ ಮೇಲೆ ಚೆಲ್ಲುತ್ತಾರೆ. ಬರಿಯ ಹಿಮಕ್ಕಿಂತ ಮಣ್ಣು ಬಿದ್ದ ಹಿಮ ಬೇಗ ಕರಗುತ್ತದೆ.

ಕಾರಣ ಸರಳ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ, ಕಪ್ಪು ಬಣ್ಣ ಹೀರಿಕೊಳ್ಳುತ್ತದೆ. ಹೊಸ ಹಿಮದ ಮೇಲೆ ನೂರು ಪಾಲು ಬಿಸಿಲು ಬಿದ್ದರೆ ಎಂಬತ್ತರಿಂದ ತೊಂಬತ್ತು ಪಾಲು ವಾಪಸು ಹೋಗಿಬಿಡುತ್ತದೆ. ಹಿಮವನ್ನು ಕರಗಿಸಲು ಉಳಿಯುವುದು ಹತ್ತಿಪ್ಪತ್ತು ಪಾಲು ಮಾತ್ರ. ಮಣ್ಣು ಬಿದ್ದರೆ ಆ ಬಿಸಿಲು ಅಲ್ಲಿಯೇ ನಿಂತು ಕೆಲಸ ಮಾಡುತ್ತದೆ. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿದ್ವಾಂಸ ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಿನಲ್ಲಿ ಹಿಮದ ಮೇಲೆ ಹಾಸಿ ನೋಡಿದ. ಕಪ್ಪು ತುಂಡು ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಬಿಳಿಯದು ಇದ್ದಲ್ಲಿಯೇ ಇತ್ತು. ಇದನ್ನು ಅವನು 1761ರ ಒಂದು ಕಾಗದದಲ್ಲಿ ಬರೆದ. ಅದೇ ಶತಮಾನದಲ್ಲಿ ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ತಿರುಗಾಡಿದ ಸೋಸೂರ್ ಎಂಬ ಪಂಡಿತ, ಶಾಮೊನಿ ಕಣಿವೆಯ ರೈತರು ಹಿಮದ ಮೇಲೆ ಕಪ್ಪು ಮಣ್ಣು ಎರಚುವುದನ್ನು ದಾಖಲೆ ಮಾಡಿದ್ದಾನೆ. ಲಾಹೌಲೆಲ್ಲಿ, ಆಲ್ಪ್ಸ್ ಎಲ್ಲಿ! ಒಬ್ಬರ ಮುಖ ಒಬ್ಬರು ಕಾಣದ ರೈತರು ಒಂದೇ ಉಪಾಯ ಕಂಡುಕೊಂಡಿದ್ದರು. ಹೊಲದ ಕಷ್ಟ ಒಂದೇ ಆದಾಗ ಬುದ್ಧಿಯೂ ಒಂದೇ ದಾರಿ ಹಿಡಿಯುತ್ತದೆ.

ಇದರಲ್ಲಿ ಒಂದು ಹದ ಇದೆ, ಗಮನಿಸಿ. ಮಣ್ಣನ್ನು ತೆಳ್ಳಗೆ, ಅಂಗಳಕ್ಕೆ ರಂಗೋಲಿ ಪುಡಿ ಉದುರಿಸಿದ ಹಾಗೆ ಎರಚಬೇಕು. ಅಂಗುಲಗಟ್ಟಲೆ ದಪ್ಪ ಹಾಕಿದರೆ ಕೆಲಸ ಕೆಡುತ್ತದೆ. ದಪ್ಪ ಮಣ್ಣು ಬಿಸಿಲಿನ ಕಾವನ್ನು ಕೆಳಗೆ ಇಳಿಯಗೊಡದೆ ಹಿಮವನ್ನು ಕಾಪಾಡಿಬಿಡುತ್ತದೆ. ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಮುಚ್ಚಿಡುತ್ತಾರಲ್ಲ, ಅದೇ ನ್ಯಾಯ. ಇನ್ನು, ಎರಚಿದ ಮಾರನೆಯ ದಿನವೇ ಹೊಸ ಹಿಮ ಬಿದ್ದರೆ ಮಣ್ಣು ಮುಚ್ಚಿಹೋಗಿ ಪಟ್ಟ ಶ್ರಮವೆಲ್ಲ ಮಣ್ಣುಪಾಲು. ಮತ್ತೆ ಬುಟ್ಟಿ ಹೊರಬೇಕು. ಕೂಡಿಟ್ಟ ಮಣ್ಣನ್ನು ಒಂದೇ ಸಾರಿಗೆ ಬರಿದು ಮಾಡಿಕೊಂಡವನು ಆಗ ಕೈಕಟ್ಟಿ ಕೂರಬೇಕಾಗುತ್ತದೆ.

ಎರಡನೆಯದು ಕೂಡಿಡುವ ಶಿಸ್ತು. ತಾಯಂದಿರೇ, ಇದು ನಿಮಗೆ ಚೆನ್ನಾಗಿ ತಿಳಿಯುವ ಮಾತು. ಲಾಹೌಲಿನ ಹಳೆಯ ಮನೆಗಳು ನಮ್ಮ ಚಿತ್ರದುರ್ಗ, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆ ಮನೆಗಳ ಹಾಗೆ ಮೇಲೆ ಚಪ್ಪಟೆ. ಕೆಳಗೆ ದನ ಕುರಿ, ಮೇಲೆ ಜನ. ಮಾಳಿಗೆಯ ಮೇಲೆ ಒಣಹುಲ್ಲಿನ ಬಣವೆ. ಹಿಮ ಬಿದ್ದಾಗಲೆಲ್ಲ ಮರದ ಸಲಿಕೆಯಿಂದ ಮಾಳಿಗೆಯ ಹಿಮ ತಳ್ಳಬೇಕು. ಇಲ್ಲವಾದರೆ ಭಾರಕ್ಕೆ ಮಾಳಿಗೆಯೇ ಕುಸಿದೀತು. ಕಡು ಚಳಿಯಲ್ಲಿ ಮನೆಯವರೆಲ್ಲ ಒಲೆಯಿರುವ ಒಳಕೋಣೆಯಲ್ಲಿ ಕೂಡಿ ಇದ್ದು ಸೌದೆ ಉಳಿಸುತ್ತಾರೆ. ಕಾಲುವೆಯ ಅಂಚಿನಲ್ಲಿ ವಿಲ್ಲೋ ಎಂಬ ಮರ ಬೆಳೆಸುತ್ತಾರೆ. ಅದರ ಕೊಂಬೆ ಸೌದೆಗೆ, ಎಲೆ ದನಕ್ಕೆ.

ಜನವರಿಯ ಚಳಿ ಘೋರ, ನಿಜ. ಆದರೆ ಆಗ ಕಣಜ ತುಂಬಿರುತ್ತದೆ, ಬಣವೆ ಎತ್ತರವಾಗಿರುತ್ತದೆ. ಭಯವಿರುವುದು ಮಾರ್ಚಿ, ಏಪ್ರಿಲಿನಲ್ಲಿ. ಆ ವೇಳೆಗೆ ಕಣಜದ ತಳ ಕಾಣಿಸುತ್ತಿರುತ್ತದೆ. ದನ ಆರು ತಿಂಗಳು ಕೊಟ್ಟಿಗೆಯಲ್ಲಿ ನಿಂತು ಬಡವಾಗಿರುತ್ತದೆ. ಇನ್ನೇನು ಹಸಿರು ಕಂಡಿತು ಎನ್ನುವಾಗ ಮತ್ತೆ ಹಿಮ ಸುರಿದರೆ ಇನ್ನೂ ಹದಿನೈದು ದಿನದ ಮೇವು ಎಲ್ಲಿಂದ ತರುವುದು? ದಾರಿ ಮುಚ್ಚಿದೆ, ಕೊಳ್ಳುವ ಮಾತೇ ಇಲ್ಲ. ಉಳುಮೆಯ ಪ್ರಾಣಿ ಆ ಹದಿನೈದು ದಿನದಲ್ಲಿ ಬಿದ್ದರೆ ಆ ವರ್ಷದ ಬೇಸಾಯವೇ ಬಿತ್ತು. ಹಾಗಾಗಿ ಅಲ್ಲಿನ ಮನೆಗಳಲ್ಲಿ ವಸಂತದ ಮೇವನ್ನು ಲೆಕ್ಕ ಹಾಕುವವರು ಮನೆಯ ಜೀವವನ್ನೇ ಲೆಕ್ಕ ಹಾಕುತ್ತಿದ್ದರು.

ತಡವಾದ ಹಿಮದಿಂದ ಇನ್ನೂ ದೊಡ್ಡ ಅಪಾಯ ಒಂದಿದೆ. ಹಳೆಯ ಹಿಮ ಬಿಸಿಲಿಗೆ ಕರಗಿ, ರಾತ್ರಿ ಹೆಪ್ಪುಗಟ್ಟಿ, ಮೇಲೆ ಗಟ್ಟಿ ಹೊಪ್ಪಳೆ ಕಟ್ಟಿರುತ್ತದೆ. ಅದರ ಮೇಲೆ ಹೊಸ ಒದ್ದೆ ಹಿಮ ಬಿದ್ದರೆ ಹಿಡಿತ ಸಿಗದೆ ಬೆಟ್ಟದ ಒಂದು ಮಗ್ಗುಲೇ ಜಾರಿ ಬರುತ್ತದೆ. ಅದರ ರಭಸಕ್ಕೆ ಮರ, ಮನೆ, ಜನ ಯಾವುದೂ ನಿಲ್ಲದು. 1979ರ ಮಾರ್ಚಿಯಲ್ಲಿ ಲಾಹೌಲಿನಲ್ಲಿ ಹೀಗೆ ಊರೂರುಗಳ ಮೇಲೆ ಹಿಮ ಜರಿದು 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ರೋಹ್ತಾಂಗ್ ಎಂಬ ಹೆಸರಿಗೇ ಹೆಣಗಳ ರಾಶಿ ಎಂದು ಅರ್ಥ ಹೇಳುವುದುಂಟು. ವಸಂತದಲ್ಲಿ ಆ ದಾರಿ ದಾಟಬೇಕಾದವರು ನಸುಕಿನಲ್ಲಿ, ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುವಾಗಲೇ ಹೊರಟು, ಬಿಸಿಲೇರುವ ಮೊದಲು ದಾಟಿಬಿಡಬೇಕು. ಹೊಸ ಹಿಮ ಬಿದ್ದ ಮೇಲೆ ಕೆಲವು ದಿನ ಮನೆಯಲ್ಲಿಯೇ ಇರುವುದು ಹೇಡಿತನವಲ್ಲ, ವಿವೇಕ.

ಇನ್ನು ಬೆಳೆಗಳು ಬದಲಾದ ಕತೆ ಹೇಳುತ್ತೇನೆ. 1850ರ ದಶಕದಲ್ಲಿ ಮೊರೇವಿಯನ್ ಪಂಗಡದ ಪಾದ್ರಿಗಳು ಯೂರೋಪಿನಿಂದ ಬಂದು ಕೇಲಾಂಗಿನಲ್ಲಿ ನೆಲೆಸಿದರು. ಆಲೂಗೆಡ್ಡೆಯನ್ನು ಆ ಸೀಮೆಗೆ ತಂದವರು ಅವರೇ ಎಂದು ಹೇಳುತ್ತಾರೆ. ಹೆಂಗಸರಿಗೆ ಉಣ್ಣೆಯ ಕಾಲುಚೀಲ ಹೆಣೆಯುವುದನ್ನು ಕಲಿಸಿದವರೂ ಅವರೇ. ಆಮೇಲೆ 1920ರ ದಶಕದಲ್ಲಿ ಕುಠ್ ಎಂಬ ಬೇರಿನ ಬೇಸಾಯ ಬಂತು. ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಕೋಷ್ಠ ಎಂದು ಮಾರುವ ಬೇರು ಇದೇ. ಔಷಧಕ್ಕೆ, ಧೂಪಕ್ಕೆ ಇದನ್ನು ಬಳಸುತ್ತಾರೆ. ನೆಲದೊಳಗೆ ಉಳಿದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೆಳೆಯುವ ಬೇರಾದ್ದರಿಂದ, ಹಿಮ ಹದಿನೈದು ದಿನ ತಡವಾದರೂ ಇದಕ್ಕೆ ದೊಡ್ಡ ನಷ್ಟವಿಲ್ಲ.

ಆಲೂಗೆಡ್ಡೆಗೂ ಅಂಥದೇ ಒಂದು ಗುಣ ಉಂಟು. ಮೇಲೆ ಬಂದ ಮೊಳಕೆ ಹೆಪ್ಪು ಚಳಿಗೆ ಸುಟ್ಟುಹೋದರೂ ಕೆಳಗಿನ ಗೆಡ್ಡೆ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಅಲ್ಲದೆ ಎತ್ತರದ ಚಳಿ ಸೀಮೆಯಲ್ಲಿ ಸಸ್ಯಹೇನು ಕಡಿಮೆ. ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಹೊರುವುದು ಆ ಹೇನು. ಅದು ಕಡಿಮೆಯಾದ ಕಡೆ ಬಿತ್ತನೆಗೆ ಯೋಗ್ಯವಾದ ಶುದ್ಧ ಗೆಡ್ಡೆ ಬೆಳೆಯಬಹುದು. ಹೀಗೆ ಲಾಹೌಲ್ ಬಿತ್ತನೆ ಆಲೂಗೆಡ್ಡೆಗೆ ಹೆಸರಾಯಿತು. 1966ರಲ್ಲಿ ಅಲ್ಲಿನ ಬೆಳೆಗಾರರು ಸಹಕಾರ ಸಂಘ ಕಟ್ಟಿಕೊಂಡು ಒಟ್ಟಾಗಿ ಮಾರತೊಡಗಿದರು. ಹಾಸನದ ಕಡೆಯ ನಮ್ಮ ರೈತರು ಕುಫ್ರಿ ಜ್ಯೋತಿ ಎಂಬ ತಳಿಯನ್ನು ಚೆನ್ನಾಗಿ ಬಲ್ಲರು. ಅದು 1968ರಲ್ಲಿ ಬಿಡುಗಡೆಯಾದ ತಳಿ. ಕುಫ್ರಿ ಎಂಬುದು ಶಿಮ್ಲಾದ ಬಳಿ ಹಿಮ ಬೀಳುವ ಒಂದು ಊರು. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ತನ್ನ ತಳಿಗಳಿಗೆ ಆ ಊರಿನ ಹೆಸರಿಡುತ್ತ ಬಂದಿದೆ. ಹಿಮದ ನಾಡಿನ ಹೆಸರು ಹೀಗೆ ನಮ್ಮ ಹೊಲದ ಸಾಲಿಗೂ ಬಂದು ಸೇರಿದೆ.

ಆದರೆ ಎಲ್ಲ ಹೊಸ ಬೆಳೆಯೂ ತಡವಾದ ಹಿಮವನ್ನು ತಡೆದುಕೊಳ್ಳುವುದಿಲ್ಲ. ರೋಹ್ತಾಂಗಿನ ಈಚೆಗೆ, ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬುವರು 1916ರಲ್ಲಿ ಅಮೆರಿಕೆಯ ಸೇಬಿನ ಸಸಿ ನೆಟ್ಟ ಮೇಲೆ ಹಿಮಾಚಲದ ಬೆಟ್ಟಗಳಲ್ಲಿ ಸೇಬು ಹಬ್ಬಿತು. ಸೇಬಿಗೆ ಚಳಿಗಾಲದ ಚಳಿ ಬೇಕೇ ಬೇಕು. ಅದೇ ಚಳಿ ಏಪ್ರಿಲಿನಲ್ಲಿ, ಮರ ಹೂ ಬಿಟ್ಟಾಗ ಬಂದರೆ ಹೂವಿನೊಳಗಿನ ಪೀಚು ಕಪ್ಪಾಗುತ್ತದೆ, ಜೇನುಹುಳು ಗೂಡು ಬಿಟ್ಟು ಬರುವುದಿಲ್ಲ, ಒದ್ದೆ ಹಿಮದ ಭಾರಕ್ಕೆ ಕೊಂಬೆ ಸೀಳುತ್ತದೆ. ಕೊಂಬೆ ಅಲುಗಿಸಿ ಹಿಮ ಉದುರಿಸಿದರೆ ಮರವೇನೋ ಉಳಿದೀತು, ಆ ವರ್ಷದ ಹಣ್ಣು ಉಳಿಯುವುದು ಕಷ್ಟ. ಜವೆಗೋಧಿಯ ಎಳೆ ಪೈರು ಹಿಮದಡಿ ಕೆಲವು ದಿನ ಮಲಗಿ ಎದ್ದೀತು. ಅದರ ಬೆಳೆಯುವ ಸುಳಿ ಇನ್ನೂ ಮಣ್ಣಿನೊಳಗೇ ಇರುತ್ತದೆ. ಹೂವಿಗೆ ಆ ಆಸರೆ ಇಲ್ಲ. ದುಡ್ಡಿನ ಬೆಳೆ ದುಡ್ಡು ತರುತ್ತದೆ, ಜೊತೆಗೆ ಹೊಸ ಭಯವನ್ನೂ ತರುತ್ತದೆ.

ಮತ್ತೊಂದು ಬದಲಾವಣೆಯೂ ಆಯಿತು. ಹಿಂದೆ ತಾವು ಬೆಳೆದದ್ದನ್ನು ತಾವೇ ಉಣ್ಣುತ್ತಿದ್ದವರು, ಈಗ ಆಲೂಗೆಡ್ಡೆ, ಬಟಾಣಿ, ಹೂಕೋಸು ಮಾರಿ ಅಕ್ಕಿ ಗೋಧಿ ಕೊಳ್ಳುವವರಾದರು. ಆಗ ತಡವಾದ ಹಿಮ ಹೊಲವನ್ನು ಮಾತ್ರವಲ್ಲ, ರಸ್ತೆಯನ್ನೂ ಹಿಡಿಯಿತು. ಬೀಜ, ಗೊಬ್ಬರದ ಲಾರಿ ಬರಬೇಕಾದರೆ ಮೊದಲು ರೋಹ್ತಾಂಗಿನ ಹಿಮ ಕಡಿಯಬೇಕಾಗಿತ್ತು. 2020ರ ಅಕ್ಟೋಬರ್ 3ರಂದು ಆ ಬೆಟ್ಟದ ಕೆಳಗೆ ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಸಂಚಾರಕ್ಕೆ ತೆರೆಯಿತು. ರೋಗಿಗೆ ಆಸ್ಪತ್ರೆ ಹತ್ತಿರವಾಯಿತು, ಬೆಳೆಗೆ ಪೇಟೆ ಹತ್ತಿರವಾಯಿತು. ಆದರೂ ಸುರಂಗದ ಆಚೆ ಈಚೆಯ ರಸ್ತೆ ಬಯಲಿನಲ್ಲಿಯೇ ಇದೆ; ಹಿಮ ಜರಿದರೆ ದಿನಗಟ್ಟಲೆ ನಿಲ್ಲುವುದು ತಪ್ಪಿಲ್ಲ.

ಈಚಿನ ವರ್ಷಗಳಲ್ಲಿ ಹಿಮಾಲಯದ ರೈತರ ಚಿಂತೆ ಇನ್ನೊಂದು ಕಡೆಗೂ ತಿರುಗಿದೆ. ಕೆಲವು ಚಳಿಗಾಲ ಹಿಮವೇ ಸರಿಯಾಗಿ ಬೀಳುವುದಿಲ್ಲ, ಬೀಳುವ ಹೊತ್ತೂ ತಪ್ಪುತ್ತಿದೆ. ಲಡಾಖಿನಲ್ಲಿ ಮೇಲಿನ ಹಿಮನದಿ ಕರಗಿ ನೀರು ಬರುವುದು ಜೂನ್ ಹೊತ್ತಿಗೆ. ಬಿತ್ತನೆಗೆ ನೀರು ಬೇಕಾದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಅಲ್ಲಿನ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಅವರು 1987ರಲ್ಲಿ ಒಂದು ಹೊಸ ಕೆಲಸಕ್ಕೆ ಕೈಹಾಕಿದರು. ಚಳಿಗಾಲದಲ್ಲಿ ಸುಮ್ಮನೆ ಹರಿದುಹೋಗುವ ಹಳ್ಳದ ನೀರನ್ನು ಊರಿನ ಮೇಲ್ಗಡೆ ನೆರಳಿನ ತಾಣಕ್ಕೆ ತಿರುಗಿಸಿ, ಸಣ್ಣ ಸಣ್ಣ ಕಲ್ಲುಕಟ್ಟೆಗಳ ಹಿಂದೆ ಹೆಪ್ಪುಗಟ್ಟಿಸಿದರು. ಊರಿಗೆ ಹತ್ತಿರ, ಎತ್ತರ ಕಡಿಮೆ. ಆದ್ದರಿಂದ ಆ ಮಂಜುಗಡ್ಡೆ ಬಿತ್ತನೆಯ ಹೊತ್ತಿಗೇ ಕರಗಿ ನೀರು ಕೊಟ್ಟಿತು. ಅವರಿಗೆ 2015ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು. 2013-14ರ ಚಳಿಗಾಲದಲ್ಲಿ ಸೋನಂ ವಾಂಗ್‌ಚುಕ್ ಅವರು ಅದೇ ನೀರನ್ನು ಕೊಳವೆಯಿಂದ ಚಿಮ್ಮಿಸಿ, ಸ್ತೂಪದಂತೆ ಎತ್ತರವಾಗಿ ಹೆಪ್ಪುಗಟ್ಟಿಸಿ ತೋರಿಸಿದರು. ಅಜ್ಜ ಮಣ್ಣು ಎರಚಿ ಹಿಮವನ್ನು ಹೊಲದಿಂದ ಬೇಗ ಕಳಿಸುತ್ತಿದ್ದ. ಮೊಮ್ಮಗ ಕಟ್ಟೆ ಕಟ್ಟಿ ಅದನ್ನು ಊರ ಮೇಲೆ ಹಿಡಿದಿಡುತ್ತಿದ್ದಾನೆ. ಎರಡರ ಉದ್ದೇಶವೂ ಒಂದೇ: ನೀರು ಬೇಕಾದಾಗ, ಬೇಕಾದಲ್ಲಿ ಇರಬೇಕು.

ರೈತ ಬಾಂಧವರೇ, ನಮ್ಮ ಹೊಲದ ಮೇಲೆ ಹಿಮ ಬೀಳುವುದಿಲ್ಲ. ಆದರೂ ಈ ಚರಿತ್ರೆಯಿಂದ ನಾವು ತೆಗೆದುಕೊಳ್ಳತಕ್ಕದ್ದು ಇದೆ.

ಒಂದು, ಮೇವಿನ ಬಣವೆಯನ್ನು ಪಂಚಾಂಗ ನೋಡಿ ಮುಗಿಸಬೇಡಿ. ಮೊದಲ ಮಳೆ ಬಂತೆಂದು ಹುಲ್ಲು ಮಾರಿಕೊಂಡು, ಆಮೇಲೆ ಮಳೆ ಹಿಂದೆಗೆದಾಗ ದನವನ್ನು ಸಂತೆಗೆ ಹೊಡೆದವರು ನಮ್ಮಲ್ಲಿಯೂ ಉಂಟು. ಹೊಸ ಹುಲ್ಲು ದನದ ಬಾಯಿಗೆ ಸಿಕ್ಕುವತನಕ ಹಳೆಯ ಹುಲ್ಲು ಕೈಯಲ್ಲಿರಲಿ.

ಎರಡು, ಬಿತ್ತನೆ ತಡವಾದರೆ ದಿನವನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ. ಮಳೆ ಯಾವಾಗ ನಿಂತೀತು, ಅಷ್ಟರೊಳಗೆ ಬರುವ ತಳಿ ಯಾವುದು ಎಂದು ನೋಡಿ ಅಲ್ಪಾವಧಿಯ ಬೀಜವನ್ನೇ ಆರಿಸಿ. ಬೇಕಿದ್ದರೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಮೂರು, ಇರುವ ಬೀಜವನ್ನೆಲ್ಲ ಒಂದೇ ಸಲ ನೆಲಕ್ಕೆ ಹಾಕಬೇಡಿ. ಎರಡನೆಯ ಬುಟ್ಟಿ ಮಣ್ಣು ಮನೆಯಲ್ಲಿಟ್ಟುಕೊಂಡ ಲಾಹೌಲಿನ ಹೆಂಗಸಿನ ಹಾಗೆ, ಮರುಬಿತ್ತನೆಗೆ ಒಂದಿಷ್ಟು ಉಳಿಸಿಕೊಳ್ಳಿ.

ಆಕಾಶ ಯಾರ ಮಾತನ್ನೂ ಕೇಳುವುದಿಲ್ಲ. ಅದು ತಡಮಾಡಿದಾಗ ಮನೆಯಲ್ಲಿ ಏನಿರಬೇಕು ಎಂಬುದನ್ನು ಮಾತ್ರ ನಾವು ಮೊದಲೇ ನಿಶ್ಚಯ ಮಾಡಬಹುದು. ನಿಮ್ಮ ಕಣಜ, ಬಣವೆ ಎರಡೂ ತುಂಬಿರಲಿ.